ತಂಗಿಯ ಹೆಡ್‌ಫೋನಿನಲ್ಲಿ ಕೇಳಿದ ಕರೆ

ದೆವ್ವ, ಪೀಡೆ, ಸತ್ತವರ ಧ್ವನಿ ಇವೆಲ್ಲ ಒಂದೋ ಹೊಟ್ಟೆ ತುಂಬಿದವರ ಹರಟೆ, ಇಲ್ಲವೇ ಹೊಟ್ಟೆ ಖಾಲಿ ಇರುವವರ ತಲೆಸುತ್ತು ಎಂದೇ ನಾನು ಬಹಳ ಕಾಲ ನಂಬಿದ್ದೆ. ಯಾರಾದರೂ ಅಂಥ ಕಥೆ ತೆಗೆದರೆ ಅವರ ಮುಖದೆದುರೇ ನಗುತ್ತಿದ್ದೆ. ಅದಕ್ಕೆ ಸರಿಯಾಗಿ ನಾನು ಕೆಲಸಕ್ಕಿದ್ದದ್ದು ಶಿವಾಜಿನಗರದ ಗಲ್ಲಿಯೊಂದರ ರೇಡಿಯೋ, ಟೇಪ್ ರೆಕಾರ್ಡರ್ ಅಂಗಡಿಯಲ್ಲಿ. ಸ್ಪೀಕರು, ಹೆಡ್‌ಫೋನುಗಳ ನಡುವೆ ಹಗಲೆಲ್ಲ ನಿಲ್ಲುವವಳಿಗೆ ಧ್ವನಿಯೆಂದರೆ ತಂತಿ, ಆಯಸ್ಕಾಂತ, ಅದುರುವ ಒಂದು ತೆಳ್ಳನೆಯ ಹಾಳೆ. ಇದಕ್ಕೆ ಆತ್ಮ ಇಲ್ಲ ಸಾರ್, ಗ್ಯಾರಂಟಿ ಕಾರ್ಡ್ ಇದೆ ಎಂದು ಗಿರಾಕಿಗಳಿಗೆ ತಮಾಷೆ ಮಾಡುತ್ತಿದ್ದೆ. ಈಗ ಹೇಳಹೊರಟಿರುವುದು ಆ ನಗು ನನ್ನ ಬಾಯಲ್ಲೇ ಒಣಗಿಹೋದ ಒಂದು ಸಂಜೆಯ ಸಂಗತಿ. ನೀವು ನಂಬಬೇಕೆಂದು ನಾನು ಕೇಳುವುದಿಲ್ಲ, ನಾನೇ ಇನ್ನೂ ಪೂರ್ತಿ ನಂಬಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ನನ್ನ ತಂಗಿ ನೀಲಾಂಬಿಕೆಯ ಮೇಲೆ ಹೊಟ್ಟೆಕಿಚ್ಚು. ಪ್ರೀತಿಯೂ ಇದೆ, ಅದು ಬೇರೆ ಮಾತು. ಕಲಬುರಗಿ ಕಡೆಯಿಂದ ಅವ್ವ ನಮ್ಮಿಬ್ಬರನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದಾಗ ನನಗೆ ಬುದ್ಧಿ ಬಂದಿತ್ತು, ನೀಲಾ ಇನ್ನೂ ಕಂಕುಳ ಕೂಸು. ಅಪ್ಪ ಆಗಲೇ ಹೋಗಿಬಿಟ್ಟಿದ್ದ. ಅವ್ವ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು, ಇಂದಿರಾನಗರ, ಕೆ.ಆರ್. ಪುರ, ಎಲ್ಲಿ ಮನೆ ಏಳುತ್ತಿತ್ತೋ ಅಲ್ಲಿ. ಕಾಂಕ್ರೀಟ್ ಕಲೆಸುವ ಮಿಕ್ಸರು ಗರಗರ ತಿರುಗುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಆ ಸದ್ದಿನ ಮೇಲಿಂದ ಹಾಯಿಸಿ ಅವ್ವ ತಂಗಿಯನ್ನು ಕರೆಯುತ್ತಿದ್ದಳು. 'ನೀಲವ್ವಾ' ಎಂದು ಕೊನೆಯನ್ನು ಎಳೆದು, ಮೇಲಕ್ಕೆತ್ತಿ, ಅಲ್ಲೇ ಬಿಟ್ಟುಬಿಡುವಂಥ ಕರೆ ಅದು. ಕೇಳಿದವರಿಗೆ ಆ ಮಗು ಏನೋ ರಾಜಕುಮಾರಿಯಿರಬೇಕು ಅನಿಸುತ್ತಿತ್ತು. ನನಗೆ ಮಾತ್ರ ಹೆಸರೇ ಇರಲಿಲ್ಲ. ನಾನು ದೊಡ್ಡಾಕಿ. ದೊಡ್ಡಾಕಿ, ನೀರು ತಾ. ದೊಡ್ಡಾಕಿ, ತಂಗೀನ ನೋಡ್ಕೋ. ನನ್ನ ಪಾಲಿಗೆ ಕರೆಯ ಹಿಂದೆ ಯಾವಾಗಲೂ ಒಂದು ಕೆಲಸ ಇರುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ಕಣ್ಣಿಗೆ ಕಾಣದವರು ಹೆಸರು ಹಿಡಿದು ಕರೆದರೆ ಮೊದಲನೆಯ ಕರೆಗೆ ಓಗೊಡಬಾರದು, ಎರಡನೆಯದಕ್ಕೂ ಓಗೊಡಬಾರದು. ಪೀಡೆಗೆ ಮೂರು ಸಲ ಕರೆಯುವ ತ್ರಾಣ ಇರುವುದಿಲ್ಲವಂತೆ, ಹಾಗಾಗಿ ಮೂರನೆಯದಕ್ಕೆ 'ಓ' ಎನ್ನಬೇಕು. ಇದನ್ನು ಕಲಿಸಿದವಳು ಅವ್ವನೇ ಆದ್ದರಿಂದ ಅವಳೂ ಮೂರು ಸಲ ಕರೆದೇ ಕರೆಯುತ್ತಿದ್ದಳು, ನಡುನಡುವೆ ಒಂದು ಉಸಿರಿನಷ್ಟು ತಡೆದು. ಬೇರೆ ಕೂಲಿಯವರ ಮಕ್ಕಳು ಒಂದೇ ಕೂಗಿಗೆ ಓಡಿಹೋಗುತ್ತಿದ್ದರು. ನೀಲಾ ಮಾತ್ರ ಮರಳಿನ ಗುಡ್ಡೆಯ ಹಿಂದೆ ಕಲ್ಲಿನಂತೆ ಕೂತು, ಮೂರನೆಯದು ಮುಗಿದ ಮೇಲೆ 'ಓ' ಎನ್ನುತ್ತಿದ್ದಳು. ಇವಳಿಗೆ ಕಿವಿ ಮಂದ ಎಂದು ಒಬ್ಬ ಮೇಸ್ತ್ರಿ ಅವ್ವನಿಗೆ ಆಸ್ಪತ್ರೆಯ ದಾರಿ ಬೇರೆ ತೋರಿಸಿದ್ದ.

ಹತ್ತನೇ ಕ್ಲಾಸಿಗೆ ನನ್ನ ಓದು ನಿಂತಿತು. ನಾನು ಅಂಗಡಿ ಸೇರಿದೆ, ನೀಲಾ ಮುಂದೆ ಕಾಲೇಜು ಸೇರಿದಳು. ಇಂಗ್ಲಿಷ್ ಕಲಿತಳು, ಟೈಪಿಂಗ್ ಕಲಿತಳು. ಎರಡು ಸಾವಿರನೇ ಇಸವಿ ಕಳೆದ ಮೇಲೆ ಬೆಂಗಳೂರಿಗೆ ಬಂದ ಹೊಸ ಬಗೆಯ ಕೆಲಸಗಳಲ್ಲಿ ಒಂದು ಅವಳಿಗೆ ಸಿಕ್ಕಿತು. ಎಲ್ಲೋ ಸಮುದ್ರದಾಚೆಯ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ರೆಕಾರ್ಡ್ ಮಾಡಿದ್ದನ್ನು ಇಂದಿರಾನಗರದ ಆಫೀಸಿನಲ್ಲಿ ಕೂತು ಕೇಳಿ ಟೈಪು ಮಾಡುವುದು. ಕಿವಿಗೆ ಹೆಡ್‌ಫೋನು, ಕಾಲಡಿ ರೆಕಾರ್ಡನ್ನು ನಿಲ್ಲಿಸಿ ಓಡಿಸಲು ಒಂದು ಪೆಡಲು. ಕುರ್ಚಿ, ಏಸಿ, ಮನೆ ಬಾಗಿಲಿಗೆ ಬರುವ ವ್ಯಾನು. ನಾನು ಲಿಂಗರಾಜಪುರದಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದು ಹೋಗುತ್ತಿದ್ದೆ. ಅವ್ವ ಅಕ್ಕಪಕ್ಕದವರಿಗೆಲ್ಲ ನೀಲವ್ವನ ಆಫೀಸಿನ ಬಗ್ಗೆ ಹೇಳುವಾಗ ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ತೊಳೆಯುತ್ತಿದ್ದೆ.

ಆಮೇಲೆ ಅವ್ವ ಜ್ವರ ಬಂದು ಮಲಗಿದಳು, ಮತ್ತೆ ಏಳಲಿಲ್ಲ. ಹಬ್ಬದ ವ್ಯಾಪಾರ ಜೋರಾಗಿದ್ದ ಕಾಲ. ನಾನು ಅಂಗಡಿಯಿಂದ ಬಿಡಿಸಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಮಾತು ನಿಂತಿತ್ತು. ಪಕ್ಕದಲ್ಲಿ ಇದ್ದವಳು ನೀಲಾ. ಕೊನೆಗೆ ಏನಂದಳು ಎಂದು ಕೇಳಿದೆ. 'ಏನೂ ಹೇಳ್ಲಿಲ್ಲ ಅಕ್ಕಾ, ಕರೆದ್ಲು ಅಷ್ಟೇ' ಅಂದಳು. ಯಾರನ್ನು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಆದರೆ ಕೊನೆಯ ಗಳಿಗೆಯಲ್ಲಿ ಅವ್ವನಿಗೆ ನನ್ನ ನೆನಪು ಒಂದು ಸಲವಾದರೂ ಬಂದಿತ್ತೇ ಎಂಬುದು ಅಂದಿನಿಂದ ನನ್ನೊಳಗೆ ಮುಳ್ಳಿನಂತೆ ಕೂತಿತು. ಅದು ಗೊತ್ತಾಗದೆ ನನಗೆ ಊಟ ಸೇರುತ್ತಿರಲಿಲ್ಲ.

ಇಂಥ ದಿನಗಳಲ್ಲಿ ನೀಲಾ ಆಫೀಸಿನಿಂದ ಒಂದು ಬಹುಮಾನ ತಂದಳು. ತಪ್ಪಿಲ್ಲದೆ ಟೈಪು ಮಾಡಿದ್ದಕ್ಕೆ ಕೊಟ್ಟದ್ದಂತೆ. ಡಬ್ಬ ಬಿಚ್ಚಿದರೆ ಶಬ್ದ ಅಳಿಸುವ ಹೆಡ್‌ಫೋನು. ನನ್ನ ಹೊಟ್ಟೆಯೊಳಗೆ ಒಗ್ಗರಣೆ ಸಿಡಿದಂತಾಯಿತು. ಯಾಕೆಂದರೆ ಅಂಥದೇ ಒಂದು ನಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿತ್ತು. ಅದನ್ನು ದಿನಾ ಒರೆಸುವವಳು ನಾನು, ಗಿರಾಕಿಗಳ ತಲೆಗೆ ಹಾಕಿ ತೋರಿಸುವವಳು ನಾನು, ಬೀಗ ಹಾಕಿ ಬರುವವಳು ನಾನು. ದೇವರು ಹಲ್ಲಿದ್ದವರಿಗೆ ಕಡಲೆ ಕೊಡುವುದಿಲ್ಲ ಅನ್ನುತ್ತಾರಲ್ಲ, ನನಗೆ ಹಲ್ಲೂ ಇತ್ತು, ಕಡಲೆ ಕಣ್ಣೆದುರೇ ಇತ್ತು, ನಡುವೆ ಗಾಜಿತ್ತು.

ಅದು ಹೇಗೆ ಕೆಲಸ ಮಾಡುತ್ತದೆಂದು ಕೇಳಿದವರಿಗೆ ನಾನು ಬೀಸುಕಲ್ಲಿನ ಉದಾಹರಣೆ ಕೊಡುತ್ತಿದ್ದೆ. ಸದ್ದು ಎಂದರೆ ಗಾಳಿಯನ್ನು ಯಾರೋ ನೂಕುವುದು, ಎಳೆಯುವುದು. ಬೀಸುಕಲ್ಲಿನ ಗೂಟವನ್ನು ಒಬ್ಬಳು ಆಚೆಗೆ ನೂಕುವಾಗ ಎದುರಿಗಿದ್ದವಳು ಅಷ್ಟೇ ಬಲದಿಂದ, ಅದೇ ಗಳಿಗೆಯಲ್ಲಿ ಈಚೆಗೆ ನೂಕಿದರೆ ಕಲ್ಲು ಅಲ್ಲಾಡದೆ ನಿಲ್ಲುತ್ತದೆ. ಈ ಹೆಡ್‌ಫೋನಿನಲ್ಲೂ ಅಷ್ಟೇ. ಹೊರಗಿನ ಸದ್ದನ್ನು ಕೇಳಿಸಿಕೊಳ್ಳಲು ಒಂದು ಸಣ್ಣ ಮೈಕು. ಅದು ಕೇಳಿದ್ದಕ್ಕೆ ಸರಿಯಾಗಿ ತಿರುಗಾಮುರುಗ ಸದ್ದನ್ನು ಒಳಗಿನ ಸ್ಪೀಕರು ಕಿವಿಗೆ ಬಿಡುತ್ತದೆ. ಎರಡೂ ಒಂದನ್ನೊಂದು ನುಂಗುತ್ತವೆ. ಆದರೆ ಇದು ಒಂದೇ ಸಮನೆ ಮೊರೆಯುವ ದಪ್ಪ ಸದ್ದುಗಳಿಗೆ ಮಾತ್ರ: ಜನರೇಟರು, ಬಸ್ಸಿನ ಎಂಜಿನು, ವಿಮಾನ, ಮಿಕ್ಸರು. ಫಕ್ಕನೆ ಏಳುವ ಸದ್ದು, ಹಾರನ್ನು, ಕುಕ್ಕರಿನ ಸೀಟಿ, ಮನುಷ್ಯರ ಮಾತು ಇವನ್ನು ಅದು ಹಿಡಿಯಲಾರದು. ಎಷ್ಟೋ ಜನ ಹೆಂಡತಿಯ ಬೈಗುಳ ನಿಲ್ಲುತ್ತದೆಂದು ಆಸೆಯಿಂದ ಬಂದು ನಿರಾಶರಾಗಿ ಹೋಗಿದ್ದಾರೆ.

ಕೊಳ್ಳುವವರು ಏನು ನೋಡಬೇಕೆಂದೂ ನನಗೆ ಬಾಯಿಪಾಠ. ಮೆತ್ತೆ ಕಿವಿಯ ಸುತ್ತ ಪೂರ್ತಿ ಕೂರಬೇಕು. ಜುಮುಕಿ, ಕನ್ನಡಕದ ಕಡ್ಡಿ ಅಡ್ಡ ಬಂದರೆ ಆ ಸಂದಿಯಿಂದ ಸದ್ದು ನುಗ್ಗುತ್ತದೆ. ತಲೆಯ ಮೇಲೆ ಭಾರ ಅನಿಸಬಾರದು. ಒಳಗಿನ ಸಣ್ಣ ಸೆಲ್ಲು ಮುಗಿದರೆ ಹಾಡೂ ನಿಂತುಹೋಗುತ್ತದೋ, ಮಾಮೂಲಿ ಹೆಡ್‌ಫೋನಿನಂತೆ ನಡೆಯುತ್ತದೋ ಕೇಳಿಕೊಳ್ಳಬೇಕು. ಮುಖ್ಯವಾಗಿ ಏನನ್ನೂ ಹಾಕದೆ ಸ್ವಿಚ್ಚು ಮಾತ್ರ ಒತ್ತಿ ಕೇಳಬೇಕು. ಹಸಿ ಸೌದೆ ಉರಿದಂತೆ ಸುಯ್ ಎನ್ನುವ ಸದ್ದು ಜಾಸ್ತಿಯಿದ್ದರೆ ಆ ಮಾಲು ಬೇಡ. ನೀಲಾಳ ಹೆಡ್‌ಫೋನನ್ನು ನಾನು ಹೀಗೆಲ್ಲ ತಿರುವಿ ಮುರುವಿ ನೋಡಿದೆ. ಎಲ್ಲಾದರೂ ಒಂದು ಐಬು ಸಿಗಲಿ ಎಂದು ದೇವರಿಗೆ ಹರಸಿಕೊಳ್ಳುವುದೊಂದು ಬಾಕಿ. ಏನೂ ಸಿಗಲಿಲ್ಲ. 'ಪರವಾಗಿಲ್ಲ, ಮೆತ್ತೆ ಸ್ವಲ್ಪ ಗಟ್ಟಿ' ಅಂದೆ.

ಕೆಲವು ದಿನ ಕಳೆದವು. ಸಂಜೆ ನಾನು ಕೆಲಸದಿಂದ ಬರುವ ಹೊತ್ತಿಗೆ ನೀಲಾ ಹೊಸ್ತಿಲ ಬಳಿ ಹೆಡ್‌ಫೋನು ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಹಾಡು ಕೇಳುತ್ತಿದ್ದಾಳೆ ಅಂದುಕೊಂಡಿದ್ದೆ. ಒಂದು ದಿನ ನೋಡಿದರೆ ವೈರಿನ ತುದಿ ಅವಳ ಮಡಿಲಲ್ಲಿ ಸುಮ್ಮನೆ ಬಿದ್ದಿದೆ, ಯಾವುದಕ್ಕೂ ಸಿಕ್ಕಿಸಿಲ್ಲ. ಮುಖದಲ್ಲಿ ಮಾತ್ರ ಯಾರೋ ತಲೆ ನೇವರಿಸುತ್ತಿರುವಂಥ ಕಳೆ.

'ಏನೇ ಕೇಳ್ತಿದೀಯ?' ಅಂದೆ.

ಒತ್ತಾಯ ಮಾಡಿದ ಮೇಲೆ, 'ನಗ್ಬೇಡ ಅಕ್ಕಾ. ಇದನ್ನ ಹಾಕ್ಕೊಂಡು ಸುಮ್ನೆ ಕೂತ್ರೆ ಅವ್ವ ಕರೀತಾಳೆ. ದಿನಾ ಅಲ್ಲ. ಒಂದೊಂದ್ಸಲ. ಎರಡು ಸಲ ಕರೆದು ನಿಲ್ಲಿಸ್ತಾಳೆ. ಮೂರನೇದು ಬರೋದೇ ಇಲ್ಲ, ಅದಕ್ಕೆ ನಾನೂ ಓ ಅನ್ನಲ್ಲ' ಅಂದಳು.

ನಾನು ನಕ್ಕೆ. ಆದರೆ ನಿಮ್ಮೆದುರು ಸುಳ್ಳೇಕೆ, ಆ ನಗುವಿನಡಿ ಉರಿ ಇತ್ತು. ಬದುಕಿರುವಾಗ ಇವಳನ್ನೇ ಕರೆದಳು, ಸಾಯುವಾಗ ಇವಳನ್ನೇ ಕರೆದಳು, ಸತ್ತ ಮೇಲೂ ಇವಳನ್ನೇ ಕರೆಯುತ್ತಿದ್ದಾಳೆಯೇ? ಸುಳ್ಳಾದರೂ ಇವಳ ಪಾಲಿಗೇ ಬರಬೇಕೇ? ನಾನು ಅಂಗಡಿಯ ಗತ್ತಿನಲ್ಲಿ ಅವಳಿಗೆ ಪಾಠ ಹೇಳಿದೆ. ಮೊರೆತ ಕಡಿಮೆಯಾದಾಗ ದೂರದ ಮಾತುಗಳು ಎದ್ದು ಕೇಳುತ್ತವೆ, ವಠಾರದಲ್ಲಿ ಯಾರೋ ಯಾರನ್ನೋ ಕರೆದಿರುತ್ತಾರೆ ಎಂದೆ. ಅವಳು ಹೂಂ ಅಂದಳು, ವಾದಿಸಲಿಲ್ಲ. ಅವಳು ವಾದಿಸದೇ ಇದ್ದದ್ದೂ ನನ್ನನ್ನು ಚುಚ್ಚಿತು. ವಠಾರದಲ್ಲಿ ವಿಚಾರಿಸಿದೆ. ನೀಲಾ ಎಂಬ ಹೆಸರಿನವರು ಅಲ್ಲಿ ಇನ್ನೊಬ್ಬರಿರಲಿಲ್ಲ. ನಮ್ಮ ಕಡೆಯ ಮಾತಿನವರೂ ನಾವಿಬ್ಬರೇ.

ಮರುದಿನ ಆ ಹೆಡ್‌ಫೋನನ್ನು ಅಂಗಡಿಗೆ ಒಯ್ದೆ. ನಮ್ಮ ಯಜಮಾನರು ರಹಮತ್ ಭಾಯ್ ರಿಪೇರಿಯಲ್ಲಿ ಪಳಗಿದವರು. ನೀಲಾ ಹೇಳಿದ್ದನ್ನೆಲ್ಲ ಅವರಿಗೆ ತಿಳಿಸಿದೆ. ಅವರು ಬಿಚ್ಚಿ ನೋಡಿದರು, ಹತ್ತಿರದಲ್ಲಿ ಮೊಬೈಲು ಹಿಡಿದು ನೋಡಿದರು, ರೇಡಿಯೋ ಸ್ಟೇಷನ್ನೇನಾದರೂ ಒಳಗೆ ಸಿಕ್ಕಿಬೀಳುತ್ತಿದೆಯೇ ಎಂದು ಕಿವಿಗಿಟ್ಟು ಕೇಳಿದರು.

'ಮಾಲು ಏಕ್‌ದಂ ಕ್ಲೀನ್ ಅಮ್ಮಾ' ಅಂದರು. 'ಇದ್ರಲ್ಲಿ ಏನೂ ಇಲ್ಲ. ನೋಡು, ಶಾಂತ ಜಾಸ್ತಿ ಆದ್ರೆ ದಿಮಾಗ್ ಖಾಲಿ ಕೂರಲ್ಲ, ತಾನೇ ಏನಾದ್ರೂ ತುಂಬ್ಕೊಳ್ತದೆ. ತಾಯಿ ಹೋಗಿರೋ ಹುಡುಗಿ, ತಾಯೀನೇ ತುಂಬ್ಕೊಂಡಿದಾಳೆ. ಬೈಬೇಡ ಅವ್ಳನ್ನ.'

ಆ ಮಾತು ನನಗೆ ಒಪ್ಪಿಗೆಯಾಯಿತು. ಒಪ್ಪಿದ್ದರಿಂದಲೇ ಇನ್ನೊಂದು ಆಸೆ ಹುಟ್ಟಿತು. ಮನಸ್ಸು ತುಂಬಿಕೊಳ್ಳುವುದೇ ಆದರೆ ನನ್ನದೂ ತುಂಬಿಕೊಳ್ಳಲಿ. ನನಗೇನು ತಾಯಿ ಹೋಗಿಲ್ಲವೇ? ಅಂದಿನಿಂದ ನೀಲಾ ಸ್ನಾನಕ್ಕೋ ಅಂಗಡಿಗೋ ಹೋದಾಗ ನಾನು ಆ ಹೆಡ್‌ಫೋನು ಹಾಕಿಕೊಂಡು ಕೂರತೊಡಗಿದೆ. ಜುಮುಕಿ ಬಿಚ್ಚಿಡುತ್ತಿದ್ದೆ, ಸಂದಿ ಉಳಿಯಬಾರದೆಂದು. ಸುಯ್ ಎನ್ನುವ ಸಣ್ಣ ಸದ್ದು, ನನ್ನದೇ ರಕ್ತದ ಬಡಿತ, ದೂರದಲ್ಲಿ ಯಾರದೋ ಕೆಮ್ಮು. ಅಷ್ಟೇ. ಒಂದು ದಿನ ರೇಗಿ, 'ನಾನೂ ನಿನ್ನ ಹೊಟ್ಟೇಲೇ ಹುಟ್ಟಿದ್ದು ಅವ್ವಾ' ಎಂದು ಗಟ್ಟಿಯಾಗಿಯೇ ಅಂದುಬಿಟ್ಟೆ. ಮುಚ್ಚಿದ ಕಿವಿಯೊಳಗೆ ನನ್ನ ಧ್ವನಿ ಗಡಿಗೆಯಲ್ಲಿ ಮಾತಾಡಿದಂತೆ ದಪ್ಪಗೆ ಕೇಳಿತು. ನಾಚಿಕೆಯಾಗಿ ತೆಗೆದಿಟ್ಟೆ.

ಆ ಸಂಜೆ ಒಂದು ಭಾನುವಾರದ್ದು. ಇನ್ನೂ ಬೆಳಕಿತ್ತು. ಕರೆಂಟು ಹೋಗಿತ್ತು, ಹಿಂದಿನ ಅಪಾರ್ಟ್‌ಮೆಂಟಿನ ಜನರೇಟರು ಗೋಡೆ ನಡುಗುವಂತೆ ಮೊರೆಯುತ್ತಿತ್ತು. ನೀಲಾ ವಠಾರದ ಕೊನೆಯ ನಲ್ಲಿಯ ಹತ್ತಿರ ನಮಗೆ ಬೆನ್ನು ಮಾಡಿ ಬಟ್ಟೆ ಒಗೆಯುತ್ತಿದ್ದಳು. ನಾನು ಹೊಸ್ತಿಲ ಬಳಿ ಕೂತಿದ್ದೆ. ನನ್ನ ಎದುರಿಗೆ, ಮಾರು ದೂರದಲ್ಲಿ, ಪಕ್ಕದ ಮನೆಯ ರಾಣಿಯಕ್ಕ ಮೊರದಲ್ಲಿ ಕನಕಾಂಬರ ಹಾಕಿಕೊಂಡು ಕಟ್ಟುತ್ತ ಕೂತಿದ್ದರು. ನನ್ನ ಜೊತೆ ಏನೋ ಮಾತಾಡುತ್ತಿದ್ದವರು, ನಾನು ಹೆಡ್‌ಫೋನು ಎತ್ತಿಕೊಂಡದ್ದನ್ನು ನೋಡಿ ನಕ್ಕು ಸುಮ್ಮನಾದರು. ನಾನು ಜುಮುಕಿ ಬಿಚ್ಚಿ, ಹೆಡ್‌ಫೋನು ಹಾಕಿ, ಸ್ವಿಚ್ಚು ಒತ್ತಿದೆ. ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಜನರೇಟರಿನ ಸದ್ದು ಕುಸಿದು ತಳಕ್ಕಿಳಿಯಿತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಹಳ ದೂರದಿಂದ ಗರಗರ ಎಂಬ ಸದ್ದು ಬಂತು. ಮೊದಲು ಜನರೇಟರೇ ಅಂದುಕೊಂಡೆ. ಆದರೆ ಅದರೊಳಗೆ ಜಲ್ಲಿ ಉರುಳುತ್ತಿತ್ತು. ಕಾಂಕ್ರೀಟ್ ಮಿಕ್ಸರಿನ ಸದ್ದು ನನಗೆ ಮರೆಯುವಂಥದಲ್ಲ, ನಾನು ಅದರ ಪಕ್ಕದಲ್ಲೇ ಬೆಳೆದವಳು. ಆ ದಿನ ನಮ್ಮ ಸುತ್ತಮುತ್ತ ಎಲ್ಲೂ ಕಟ್ಟಡದ ಕೆಲಸ ಇರಲಿಲ್ಲ. ಇದ್ದರೂ ಈ ಹೆಡ್‌ಫೋನು ಮೊದಲು ನುಂಗಬೇಕಾದ್ದೇ ಆ ಬಗೆಯ ಸದ್ದನ್ನು. ಅದು ನುಂಗಲಿಲ್ಲ, ಬದಲಿಗೆ ಸದ್ದು ಹತ್ತಿರಕ್ಕೆ ಬರತೊಡಗಿತು.

ಅದರ ಮೇಲಿಂದ ಹಾಯ್ದು, 'ನೀಲವ್ವಾ' ಎಂಬ ಕರೆ ಬಂತು.

ಅವ್ವನ ಧ್ವನಿ. ಹಾಗೆ ಕೇಳಿತು, ಹೀಗೆ ಕೇಳಿತು ಎಂದು ವರ್ಣಿಸಲು ಏನೂ ಇಲ್ಲ. ಕೊನೆಯನ್ನು ಎಳೆದದ್ದು ಅವ್ವ, ಮೇಲಕ್ಕೆತ್ತಿ ಬಿಟ್ಟದ್ದು ಅವ್ವ. ಒಂದು ಉಸಿರಿನಷ್ಟು ತಡೆದು ಎರಡನೆಯ ಸಲ ಬಂತು. ನನಗೆ ಭಯವಾಗಲಿಲ್ಲ. ಇದನ್ನು ಹೇಳಲು ಈಗಲೂ ಹಿಂಜರಿಕೆ, ಆದರೆ ನನಗಾದದ್ದು ಸಿಟ್ಟು. ದೊಡ್ಡ ಮಗಳು ಕಣ್ಣಿಗೆ ನಿದ್ದೆಯಿಲ್ಲದೆ ಕಾದು ಕೂತಿದ್ದಾಳೆ, ನಿನ್ನ ಕೂಗು ಅವಳ ಕಿವಿಗೇ ಬೀಳುತ್ತಿದೆ, ಆಗಲೂ ಹೆಸರು ಆ ಇನ್ನೊಬ್ಬಳದೇ! ಎರಡಕ್ಕೇ ನಿಲ್ಲುತ್ತದೆ ಎಂದು ನೀಲಾ ಹೇಳಿದ್ದು ನೆನಪಾಯಿತು. ನಿಲ್ಲಲಿಲ್ಲ. ಮೂರನೆಯದೂ ಬಂತು, ಮೂರರಲ್ಲಿ ಅದೇ ಎಲ್ಲಕ್ಕಿಂತ ಉದ್ದವಾಗಿತ್ತು.

ಆಗ ನಲ್ಲಿಯ ಹತ್ತಿರ ಕೂತಿದ್ದ ನೀಲಾ ತಲೆಯೆತ್ತಿ 'ಓ' ಅಂದಳು.

ಅಷ್ಟು ದೂರದಲ್ಲಿ, ಸುರಿಯುವ ನಲ್ಲಿಯ ಮುಂದೆ, ಜನರೇಟರಿನ ಮೊರೆತದ ನಡುವೆ, ಬರಿಗಿವಿಯಲ್ಲಿ ಇದ್ದವಳು. ಅವಳ 'ಓ' ಮುಗಿಯುತ್ತಿದ್ದಂತೆ ನನ್ನ ಕಿವಿಯಲ್ಲಿ ಮಿಕ್ಸರು ನಿಂತಿತು. ನೀಲಾ ಒದ್ದೆ ಕೈ ಲಂಗಕ್ಕೆ ಒರೆಸಿಕೊಳ್ಳುತ್ತ ಬಂದಳು. ನಾನು ಹೆಡ್‌ಫೋನು ತೆಗೆದೆ.

'ಏನಕ್ಕಾ, ಯಾಕೆ ಕರೆದೆ?' ಅಂದಳು.

ರಾಣಿಯಕ್ಕ ಹೂವಿನಿಂದ ತಲೆಯೆತ್ತಿ, 'ಯಾರ್ ಮಾ ಕರೆದಿದ್ದು? ನಿಮ್ಮಕ್ಕ ಬಾಯೇ ತೆಗೀಲಿಲ್ಲ. ಸುಮ್ನೆ ಗೋಡೆ ನೋಡ್ಕೊಂಡು ಕೂತಿದ್ರು' ಅಂದರು.

ನೀಲಾ ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಒಳಗೆ ಬಂದು ಬಾಗಿಲು ಮುಂದೆ ಮಾಡಿ, 'ನಿಂಗೂ ಕೇಳಿಸ್ತಾ? ಯಾರನ್ನ ಕರೆದ್ಲು?' ಎಂದು ಮೆಲ್ಲಗೆ ಕೇಳಿದಳು.

'ಇನ್ಯಾರನ್ನ ಕರೀತಾಳೆ? ನಿನ್ನನ್ನೇ' ಅಂದೆ. ಅನ್ನುವಾಗ ನನ್ನ ಧ್ವನಿ ಕಡ್ಡಿ ಮುರಿದಂತಿತ್ತು. ಆಮೇಲೆ ಅಷ್ಟು ವರ್ಷಗಳಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನೆಲ್ಲ ಕಕ್ಕಿಬಿಟ್ಟೆ. ಅವ್ವನಿಗೆ ನನ್ನ ಹೆಸರಾದರೂ ನೆನಪಿತ್ತೇನೇ ಎಂದು ಕೇಳಿದೆ.

ನೀಲಾ ಬಹಳ ಹೊತ್ತು ಅತ್ತಳು. ಕೊನೆಗೆ, 'ಅವ್ವ ನಿನ್ನ ಹತ್ರ ಮಾತಾಡ್ತಿದ್ಲು ಅಕ್ಕಾ. ಬಾಡಿಗೆ, ಊರು, ಅಪ್ಪ, ಎಲ್ಲಾ ನಿನ್ನ ಹತ್ರಾನೇ. ನನ್ನನ್ನ ಬರೀ ಕರೀತಿದ್ಲು. ಹೋದ್ರೆ ತಲೆ ಸವರಿ, ಆಡ್ಕೋ ಹೋಗು ಅಂತಿದ್ಲು. ಆಸ್ಪತ್ರೇಲೂ ಅಷ್ಟೇ. ಕರೆದ್ಲು, ನಾನು ಓ ಅಂದೆ, ಮುಂದಕ್ಕೆ ಏನೂ ಇಲ್ಲ' ಅಂದಳು. ಅವಳಿಗೂ ನನ್ನ ಮೇಲೆ ಕಿಚ್ಚಿತ್ತು ಎಂಬುದು ನನಗೆ ಅಂದೇ ತಿಳಿದದ್ದು. ಅವಳ ಮಾತು ನಿಜವಿರಬಹುದು. ಆದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ. ಮಾತು ಯಾರ ಹತ್ತಿರ ಬೇಕಾದರೂ ಆಡಬಹುದು.

ಅಂದಿನಿಂದ ನೀಲಾಳಿಗೆ ಆ ಕರೆ ಕೇಳಲಿಲ್ಲ. ಮೂರನೆಯದಕ್ಕೆ ಓಗೊಟ್ಟಾಯಿತಲ್ಲ, ಅವ್ವನಿಗೆ ಅಷ್ಟೇ ಬೇಕಿತ್ತೇನೋ ಅನ್ನುತ್ತಾಳೆ ಅವಳು. ಮದುವೆಯಾಗಿ ಟಿನ್ ಫ್ಯಾಕ್ಟರಿ ಸ್ಟಾಪಿನ ಆಚೆ, ಕೆ.ಆರ್. ಪುರಕ್ಕೆ ಹೋಗುವಾಗ, 'ಇದು ನಿಂಗೇ ಇರ್ಲಿ' ಎಂದು ಹೆಡ್‌ಫೋನನ್ನು ನನ್ನ ಟ್ರಂಕಿನ ಮೇಲಿಟ್ಟು ಹೋದಳು. ಯಾವುದಕ್ಕಾಗಿ ಉರಿದುಕೊಂಡಿದ್ದೆನೋ ಅದು ಕೈಗೆ ಬಂತು. ಮೆತ್ತೆ ಸುಲಿದುಹೋದಾಗ ಬೇರೆ ಹಾಕಿಸಿದೆ, ಸೆಲ್ಲುಗಳನ್ನು ಬದಲಿಸುತ್ತ ಬಂದೆ. ಎಷ್ಟೋ ಸಂಜೆ ಕೂತಿದ್ದೇನೆ. ಮಿಕ್ಸರೂ ಇಲ್ಲ, ಅವ್ವನೂ ಇಲ್ಲ.

ಇದಕ್ಕೆ ನಾನೇ ಎಷ್ಟೋ ಸಮಾಧಾನ ಹುಡುಕಿದ್ದೇನೆ. ನನಗೆ ಗೊತ್ತಿಲ್ಲದೆ ನಾನೇ ಕೂಗಿರಬಹುದು, ಕಿವಿ ಮುಚ್ಚಿಕೊಂಡವರಿಗೆ ತಮ್ಮ ಧ್ವನಿಯ ಅಂದಾಜಿರುವುದಿಲ್ಲ, ನನ್ನ ಧ್ವನಿಯೂ ವಯಸ್ಸಾದಂತೆ ಅವ್ವನದಕ್ಕೆ ತಿರುಗಿದೆ ಎನ್ನುತ್ತಾರೆ. ಆದರೆ ಎದುರಿಗೆ ಕೂತಿದ್ದ ರಾಣಿಯಕ್ಕ ಇವತ್ತಿಗೂ ಆಣೆ ಹಾಕಿ, ನಾನು ತುಟಿ ಬಿಚ್ಚಲಿಲ್ಲ ಎನ್ನುತ್ತಾರೆ. ನೀಲಾ 'ಓ' ಅಂದದ್ದನ್ನೂ ಅವರೇ ಕೇಳಿದ್ದಾರೆ. ಇನ್ನು ರಹಮತ್ ಭಾಯ್ ಹೇಳಿದ ಕಾರಣ ಉಳಿಯಿತು, ಖಾಲಿ ಕೂತ ಮನಸ್ಸು ತನಗೆ ಬೇಕಾದ್ದನ್ನು ತುಂಬಿಕೊಳ್ಳುತ್ತದೆ ಎನ್ನುವುದು. ಓದಿದವರೂ ನನಗೆ ಅದನ್ನೇ ಹೇಳಿದ್ದಾರೆ. ಇರಬಹುದು, ಬೇರೆಯವರ ಮನಸ್ಸು ಹಾಗಿರಬಹುದು. ಆದರೆ ನನ್ನ ಮನಸ್ಸಿನ ಗುಣ ನನಗೆ ಗೊತ್ತಿಲ್ಲವೇ? ಅವ್ವನ ಬಾಯಿಂದ ಒಂದು ಹೆಸರು ಕರೆಸುವ ಅಧಿಕಾರ ಅದಕ್ಕೆ ಸಿಕ್ಕಿದ್ದರೆ, ಅದು ನೀಲಾಳ ಹೆಸರನ್ನು ಯಾಕೆ ಕರೆಸುತ್ತಿತ್ತು?